ಬಣ್ಣದ ಗೆರೆ ಮತ್ತು ನೆನಪು

ನಮ್ಮ ಗ್ರಂಥಾಲಯದ ಪಠ್ಯಪುಸ್ತಕಗಳನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಪುಟಪುಟಕ್ಕೂ ಕೆಂಪು, ನೀಲಿ, ಹಸುರು ಗೆರೆಗಳು! ಗೆರೆ ಎಳೆದ ಮಾತು ಮನಸ್ಸಿನಲ್ಲಿ ತಾನಾಗಿ ನಿಲ್ಲುವುದೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಈ ನಂಬಿಕೆಗೆ ಮನಶ್ಶಾಸ್ತ್ರದ ಬೆಂಬಲವಿಲ್ಲವೆಂಬುದು ನನ್ನ ಅಭಿಪ್ರಾಯ.

1935ರಲ್ಲಿ ಅಮೆರಿಕದ ಜೆ. ರಿಡ್ಲಿ ಸ್ಟ್ರೂಪ್ ಎಂಬವರು ಬಣ್ಣಗಳ ಹೆಸರುಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ತೋರಿಸಿ, ಶಾಯಿಯ ಬಣ್ಣವನ್ನು ಮಾತ್ರ ಹೇಳಿರೆಂದರು. ‘ಕೆಂಪು’ ಎಂಬ ಪದ ನೀಲಿ ಶಾಯಿಯಲ್ಲಿದ್ದರೆ ‘ನೀಲಿ’ ಎನ್ನಲು ನಾಲಗೆ ತಡವರಿಸಿತು. ಓದಬಲ್ಲವನ ಕಣ್ಣು ಪದವನ್ನು ಓದದೆ ಬಿಡದೆಂದು ಇದರಿಂದ ತಿಳಿಯಿತು. ಹಾಗಾದರೆ ಕಣ್ಣು ಓದಿದ್ದೆಲ್ಲ ನೆನಪಿನಲ್ಲಿ ಉಳಿಯಬೇಕಷ್ಟೆ? ಉಳಿಯದು.

1975ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಕ್ರೇಕ್ ಮತ್ತು ಟಲ್ವಿಂಗ್ ಅವರು, ನೆನಪಿನ ಪರೀಕ್ಷೆಯಿದೆಯೆಂದು ಮೊದಲೇ ತಿಳಿಸದೆ ಪದಗಳನ್ನು ತೋರಿಸಿದರು. ಕೆಲವು ಪದಗಳ ಅಕ್ಷರದ ಆಕಾರವನ್ನು ಕೇಳಿದರು. ಕೆಲವುಗಳ ಪ್ರಾಸವನ್ನು ಕೇಳಿದರು. ಇನ್ನು ಕೆಲವು ಒಂದು ವಾಕ್ಯಕ್ಕೆ ಒಪ್ಪುವುವೇ ಎಂದು ಕೇಳಿದರು. ಬಳಿಕ ಪರೀಕ್ಷಿಸಿದಾಗ, ಆಕಾರವನ್ನಷ್ಟೆ ನೋಡಿದ ಪದಗಳು ಬಹುಮಟ್ಟಿಗೆ ಮರೆತುಹೋಗಿದ್ದುವು. ಅರ್ಥವನ್ನು ಯೋಚಿಸಿದವೇ ಹೆಚ್ಚಾಗಿ ಉಳಿದಿದ್ದುವು. ಕಂಠಪಾಠ ಮಾಡುವ ಸಂಕಲ್ಪವಿಲ್ಲದಿದ್ದರೂ ಅರ್ಥದ ಮೇಲಿಟ್ಟ ಗಮನವೇ ನೆನಪಾಯಿತು.

‘ಹತ್ತು ಕಪ್ಪು ಪದಗಳ ನಡುವೆ ಒಂದು ಕೆಂಪು ಪದವಿದ್ದರೆ ಅದು ನೆನಪಿರದೇ?’ ಎಂದು ಕೆಲವರು ಕೇಳಬಹುದು. ಇರುತ್ತದೆ. ಗುಂಪಿನಿಂದ ಬೇರೆಯಾಗಿ ಕಾಣುವುದು ಹೆಚ್ಚು ನೆನಪಿರುವುದೆಂದು ಜರ್ಮನಿಯ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲಿಯೇ ತೋರಿಸಿದರು. ಆದರೆ ಪುಟವೆಲ್ಲ ಕೆಂಪಾದ ಮೇಲೆ ಬೇರೆಯಾಗಿ ಕಾಣುವುದು ಯಾವುದು?

ಇದೇ ಮಾತು ತರಗತಿಯ ನೋಟ್ಸಿಗೂ ಸಲ್ಲುತ್ತದೆ. ಹೇಳಿದ್ದನ್ನು ಅಕ್ಷರಶಃ ಬರೆದುಕೊಳ್ಳುವ ಆತುರದಲ್ಲಿ ನಮ್ಮ ಗಮನ ಅಕ್ಷರದ ಮೇಲಿರುತ್ತದೆಯೇ ಹೊರತು ಅರ್ಥದ ಮೇಲಲ್ಲ. ಗುರುಗಳು ಮುನಿಯಬಾರದು: ಗಂಟೆಯೆಲ್ಲ ಬರೆಸುವುದನ್ನು ಬಿಟ್ಟು ಹತ್ತು ನಿಮಿಷವಾದರೂ ಪ್ರಶ್ನೆ ಕೇಳಿದರೆ ನಮಗೆ ಲಾಭ. ಮಿತ್ರರೂ ಗೆರೆಯೆಳೆಯುವ ಬದಲು ಪ್ರತಿ ಪುಟಕ್ಕೂ ಒಂದು ಪ್ರಶ್ನೆಯನ್ನು ತಮ್ಮ ನೋಟುಪುಸ್ತಕದಲ್ಲಿ ಬರೆದುಕೊಂಡು, ಪುಸ್ತಕ ಮುಚ್ಚಿ ಉತ್ತರಿಸಿ ನೋಡಲಿ. ಅವರಿಗೆ ವಿಷಯವೂ ನೆನಪಿದ್ದೀತು. ಪುಸ್ತಕ ಕೊಳ್ಳುವ ಶಕ್ತಿಯಿಲ್ಲದೆ ಗ್ರಂಥಾಲಯವನ್ನೇ ನಂಬಿ ಮುಂದಿನ ವರ್ಷ ಬರುವ ವಿದ್ಯಾರ್ಥಿಗೆ ಶುಭ್ರವಾದ ಪುಟವೂ ದೊರೆತೀತು.