ವೆಬ್‌ಸೈಟ್‌ನಲ್ಲಿ ಕನ್ನಡ ಒಡೆದುಹೋಗುತ್ತದೆಯೇ?

‘ವೆಬ್‌ಸೈಟ್‌ನಲ್ಲಿ ಕನ್ನಡ ಸರಿಯಾಗಿ ಬರಲ್ಲ, ಚಿತ್ರ ಮಾಡಿಯೇ ಹಾಕಬೇಕು’ ಎನ್ನುವವರು ಈಗಲೂ ಇದ್ದಾರೆ. ಇದು ಅರ್ಧಸತ್ಯ.

ಹಳೆಯ ನುಡಿ ಫೈಲ್‌ಗಳಲ್ಲಿ ಕನ್ನಡಕ್ಕೆ ಇಂಗ್ಲಿಷ್ ಅಕ್ಷರಗಳ ಸಂಕೇತ ಬಳಸಿರುತ್ತಾರೆ. ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಅದು ಗೋಜಲಾಗಿ ಕಾಣುತ್ತದೆ. ಯುನಿಕೋಡ್‌ನಲ್ಲಿ ಮಾತ್ರ 1991ರಿಂದಲೇ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ.

ಚನ್ನಗಿರಿಯ ಅಡಿಕೆ ದರವನ್ನು ಚಿತ್ರವಾಗಿ ಹಾಕಿದರೆ, ದರ ಬದಲಾದಾಗಲೆಲ್ಲ ಹೊಸ ಚಿತ್ರ ಮಾಡಬೇಕು. ಹೊನ್ನಾಳಿ, ನ್ಯಾಮತಿ, ಜಗಳೂರಿನ ರೈತರು ಹುಡುಕಿದರೂ ಸುಲಭಕ್ಕೆ ಸಿಗದು. ಕಣ್ಣು ಕಾಣದವರಿಗೆ ಫೋನ್ ಅದನ್ನು ಸರಿಯಾಗಿ ಓದಿ ಹೇಳದು.

ಡಿಸೈನರ್ ಏನು ಮಾಡಬೇಕು? ಕೆಲಸ ಒಪ್ಪುವಾಗಲೇ ಯುನಿಕೋಡ್ ಪಠ್ಯ ಕೇಳಿ. ಹಳೆಯ ಫೈಲ್ ಬಂದರೆ ಪರಿವರ್ತಕದಲ್ಲಿ ಬದಲಿಸಿ, ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಮೂಲದೊಂದಿಗೆ ಹೋಲಿಸಿ. ಮರುದಿನ ದರ ಬದಲಾದರೆ ಅಂಕಿಯೊಂದನ್ನೇ ತಿದ್ದಿದರೆ ಸಾಕು.