ಇಂದಿನ ತೋಟಾಗೆ ಹಳೆಯ ಕರಿಮದ್ದು ತುಂಬಬಹುದೇ? ನಿಜ ಏನು?

"ಮದ್ದು ಯಾವುದಾದರೇನು, ಕಿಡಿ ತಾಗಿದರೆ ಗುಂಡು ಹಾರುತ್ತದೆ" ಎನ್ನುವವರು ಕೋವಿ ಇರುವ ಊರುಗಳಲ್ಲಿ ಸಿಗುತ್ತಾರೆ. ತೋಟಾ ಬಿಚ್ಚಿ ಮದ್ದು ಬದಲಿಸಿ ತೋರಿಸುವ ವಿಡಿಯೊಗಳಿಗೂ ಮೊಬೈಲ್‌ನಲ್ಲಿ ಕೊರತೆಯಿಲ್ಲ. ಈ ನಂಬಿಕೆಯಲ್ಲಿ ಸ್ವಲ್ಪ ನಿಜ ಇದೆ. ಆ ಸ್ವಲ್ಪ ನಿಜವೇ ಇದನ್ನು ಅಪಾಯಕಾರಿಯಾಗಿಸಿದೆ. ಹೇಗೆ ಎಂದು ನೋಡೋಣ.

ಎರಡು ಮದ್ದು, ಎರಡು ಸ್ವಭಾವ

ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕದ ಮಿಶ್ರಣ. ಶತಮಾನಗಳ ಕಾಲ ಕೋವಿಗೂ ಫಿರಂಗಿಗೂ ಇದೇ ಮದ್ದು. ಇದು ಉರಿದಾಗ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಗುಂಡನ್ನು ತಳ್ಳುವ ಅನಿಲವಾಗುತ್ತದೆ. ಉಳಿದದ್ದು ದಟ್ಟ ಹೊಗೆಯಾಗಿ ಹೊರಬರುತ್ತದೆ, ಇಲ್ಲವೇ ಮಸಿಯಾಗಿ ನಳಿಗೆಗೆ ಅಂಟುತ್ತದೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದನ್ನು ತಯಾರಿಸಿದರು. ಇದರ ಮೂಲ ನೈಟ್ರೋಸೆಲ್ಯುಲೋಸ್. ಇದು ಹೆಚ್ಚುಕಡಿಮೆ ಪೂರ್ತಿ ಅನಿಲವಾಗುತ್ತದೆ. ಇನ್ನೂ ಮುಖ್ಯ ವ್ಯತ್ಯಾಸ ಒಂದಿದೆ. ಸುತ್ತಲಿನ ಒತ್ತಡ ಏರಿದಂತೆ ಇದು ಇನ್ನಷ್ಟು ವೇಗವಾಗಿ ಉರಿಯುತ್ತದೆ, ವೇಗವಾಗಿ ಉರಿದಂತೆ ಒತ್ತಡ ಮತ್ತೆ ಏರುತ್ತದೆ. ಕರಿಮದ್ದಿನಲ್ಲಿ ಈ ಗುಣ ಬಹಳ ಕಡಿಮೆ.

ಹೆಸರಿನಲ್ಲೇ ಈ ವ್ಯತ್ಯಾಸ ಉಳಿಸಿಕೊಂಡ ಎರಡು ಅಮೆರಿಕನ್ ತೋಟಾಗಳಿವೆ. 1873ರ .45-70 ತೋಟಾದಲ್ಲಿ 70 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂ ಕರಿಮದ್ದು. ಗುಂಡಿನ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. 1895ರ .30-30ರಲ್ಲಿ ಕೇವಲ 30 ಗ್ರೇನ್ ಹೊಗೆರಹಿತ ಮದ್ದು. ಗುಂಡು ಹಗುರವಾದದ್ದು ನಿಜ, ಆದರೆ ವೇಗ ಸುಮಾರು 600 ಮೀಟರ್.

ಹಾಗಾದರೆ ತೋಟಾದಲ್ಲಿ ಕರಿಮದ್ದು ಕೆಲಸ ಮಾಡುತ್ತದೆಯೇ?

ಕೆಲವು ತೋಟಾಗಳಲ್ಲಿ ಮಾಡುತ್ತದೆ. ಏಕೆಂದರೆ ಅವು ಹುಟ್ಟಿದ್ದೇ ಕರಿಮದ್ದಿಗಾಗಿ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ 'ತ್ರೀ ನಾಟ್ ತ್ರೀ' ಕೂಡ 1888ರಲ್ಲಿ ಬ್ರಿಟಿಷ್ ಸೇನೆಗೆ ಬಂದಾಗ ಅದರ ತೋಟಾದೊಳಗೆ ಇದ್ದದ್ದು ಕರಿಮದ್ದೇ. ಅಮೆರಿಕದಲ್ಲಿ ಹಳೆಯ ಕಾಲದ ಶೈಲಿಯ ಗುರಿ ಸ್ಪರ್ಧೆಗಳಲ್ಲಿ ಇಂದಿಗೂ ಕರಿಮದ್ದಿನ ತೋಟಾ ಬಳಸುವವರಿದ್ದಾರೆ.

ಆದರೆ ಇಂದಿನ ಪಿಸ್ತೂಲಿನ ಕಥೆ ಬೇರೆ. 9 ಎಂಎಂ ತೋಟಾದ ಪುಟ್ಟ ಕೊಳವೆಯಲ್ಲಿ ಸಾಕಷ್ಟು ಕರಿಮದ್ದು ಹಿಡಿಯುವುದೇ ಇಲ್ಲ. ಗುಂಡಿಗೆ ಬಲ ಸಾಲುವುದಿಲ್ಲ, ಮುಂದಿನ ತೋಟಾವನ್ನು ತಾನಾಗಿ ಎಳೆದುಕೊಳ್ಳುವ ಯಂತ್ರ ಅರ್ಧಕ್ಕೇ ನಿಲ್ಲಬಹುದು. ಮಸಿ ಸಂದುಗಳಲ್ಲಿ ಕೂತು ಬಿಗಿಯುತ್ತದೆ. ಆ ಮಸಿಯಲ್ಲಿರುವ ಲವಣಗಳು ಗಾಳಿಯ ತೇವ ಹೀರುವುದರಿಂದ ಉಕ್ಕಿಗೆ ಬೇಗ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಹೇಳುವುದೇ ಬೇಡ.

ದೊಡ್ಡ ಅಪಾಯ ತಿರುಗುಮುರುಗಾದಾಗ

ಕರಿಮದ್ದು ಹೊಸ ಕೋವಿಗೆ ಹೋದರೆ ಸಾಮಾನ್ಯವಾಗಿ ಕೋವಿ ಹಾಳಾಗುತ್ತದೆ. ಹೊಗೆರಹಿತ ಮದ್ದು ಹಳೆಯ ಕೋವಿಗೆ ಹೋದರೆ ಮನುಷ್ಯನೇ ಹೋಗಬಹುದು.

ಹಳೆಯ ನಳಿಗೆಗಳನ್ನು ಕರಿಮದ್ದಿನ ಕಡಿಮೆ ಒತ್ತಡಕ್ಕೆಂದೇ ಮಾಡಿರುತ್ತಾರೆ. ಕೇಪಿನ ಕೋವಿಗೆ ಮದ್ದನ್ನು ಅಳತೆಯ ಪಾತ್ರೆಯಲ್ಲಿ ಸುರಿಯುವ ಅಭ್ಯಾಸ ಇರುವವರು ಅದೇ ಅಳತೆಯಲ್ಲಿ ಹೊಗೆರಹಿತ ಮದ್ದು ಹಾಕಿದರೆ ಒತ್ತಡ ನಳಿಗೆ ತಾಳುವ ಮಟ್ಟವನ್ನು ಮೀರುತ್ತದೆ. ಆಗ ಸಿಡಿಯುವುದು ಮುಖದ ಪಕ್ಕದಲ್ಲಿ, ಅಂಗೈಯ ಮೇಲೆ.

ಮದ್ದು ಬದಲಾದರೆ ನಳಿಗೆಯೂ ಬದಲಾಗಬೇಕು ಎಂಬುದನ್ನು ಸೇನೆಗಳೇ ಕಲಿತಿವೆ. ತ್ರೀ ನಾಟ್ ತ್ರೀಗೆ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಬಂದ ಮೇಲೆ ಅದರ ಬಿಸಿಗೆ ಲೀ-ಮೆಟ್‌ಫರ್ಡ್ ರೈಫಲ್ಲಿನ ನಳಿಗೆಯೊಳಗಿನ ತೆಳು ಸುರುಳಿ ಗೀರುಗಳು ಬೇಗ ಸವೆದವು. ಆಳದ ಗೀರುಗಳಿರುವ ಲೀ-ಎನ್‌ಫೀಲ್ಡ್ 1895ರಲ್ಲಿ ಬಂದದ್ದು ಈ ಕಾರಣಕ್ಕೆ.

ಪಟಾಕಿ ಮದ್ದು ಹಾಕಿದರೆ?

ಇದು ಇನ್ನೂ ಕೆಟ್ಟ ಯೋಚನೆ. ಸದ್ದಿನ ಪಟಾಕಿಗಳಲ್ಲಿ ಅಲ್ಯೂಮಿನಿಯಂ ಪುಡಿ ಸೇರಿದ ಮಿಶ್ರಣ ಇರುತ್ತದೆ. ಅದು ಗುಂಡನ್ನು ತಳ್ಳುವುದಕ್ಕಲ್ಲ, ಒಮ್ಮೆಲೇ ಸಿಡಿಯುವುದಕ್ಕೆ ಮಾಡಿದ್ದು. ತಿಕ್ಕಿದರೂ ಹೊತ್ತಿಕೊಳ್ಳಬಹುದು.

ನಮ್ಮಲ್ಲಿ ಇದು ಏಕೆ ಮುಖ್ಯ?

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ನಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಮಲೆನಾಡಿನಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡ ರೈತರಿದ್ದಾರೆ. ಅಜ್ಜನ ಕಾಲದ ಕೇಪಿನ ಕೋವಿ, ಹೊಸ ತೋಟಾ ಕೋವಿ ಎರಡೂ ಒಂದೇ ಮನೆಯಲ್ಲಿ ಇದ್ದರೆ ಅದರದು ಇದಕ್ಕೆ, ಇದರದು ಅದಕ್ಕೆ ಹಾಕುವ ಆಸೆ ಹುಟ್ಟುವುದು ಸಹಜ. ಅಂದಹಾಗೆ, ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಫಾರ್ವರ್ಡ್ ಮಾಡುವ ಮುನ್ನ

ನೆನಪಿಡಬೇಕಾದದ್ದು ಇಷ್ಟೇ. ಮದ್ದು ಎಂಬ ಹೆಸರು ಒಂದೇ ಆದರೂ ವಸ್ತು ಬೇರೆ, ಅಳತೆ ಬೇರೆ, ನಳಿಗೆ ಬೇರೆ. ಕೋವಿಗೆ ಹೊಂದುವ, ಪರವಾನಗಿ ಇರುವ ಅಂಗಡಿಯಿಂದ ತಂದ ಕಾರ್ಖಾನೆಯ ತೋಟಾವನ್ನೇ ಬಳಸಬೇಕು. ಹಳೆಯ ಕೋವಿಯನ್ನು ಬಲ್ಲವರಿಗೆ ತೋರಿಸದೆ ಹಾರಿಸಬಾರದು. ಮದ್ದಿನ ಅಳತೆ ಹೇಳಿಕೊಡುವ ವಿಡಿಯೊ ಬಂದರೆ ನಿಮ್ಮ ಮೊಬೈಲ್‌ನಲ್ಲೇ ಅದನ್ನು ನಿಲ್ಲಿಸಿ. ಅದನ್ನು ನೋಡಿ ಪ್ರಯತ್ನಿಸುವ ಹುಡುಗ ನಿಮ್ಮದೇ ಕುಟುಂಬದ ಗ್ರೂಪಿನಲ್ಲಿ ಇರಬಹುದು.