ಗಾಳಕ್ಕೆ ಸಿಕ್ಕ ಕಣ್ಣು ಯಾರ ಲೆಕ್ಕದಲ್ಲಿದೆ?

ದೀಪಾವಳಿ ಬಂತೆಂದರೆ ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆಯ ಮುಂದೆ ಪತ್ರಿಕೆಯವರು, ಟಿ.ವಿ.ಯವರು ಜಮಾಯಿಸುತ್ತಾರೆ. ಪಟಾಕಿ ಸಿಡಿದು ಎಷ್ಟು ಕಣ್ಣು ಹೋಯಿತು ಅಂತ ಲೆಕ್ಕ ಕೊಡುತ್ತಾರೆ. ಕೊಡಲಿ. ಮಗು ಯಾರದಾದರೂ ಕಣ್ಣು ಕಣ್ಣೇ. ಆದರೆ ಹಬ್ಬ ಮುಗಿದ ಮೇಲೆ, ವರ್ಷದ ಉಳಿದ ದಿನಗಳಲ್ಲಿ, ಅದೇ ಬಾಗಿಲಿಗೆ ಕಣ್ಣಿಗೆ ಟವೆಲ್ ಹಿಡಿದುಕೊಂಡು ಬರುವವರ ಲೆಕ್ಕ ಯಾರು ಕೇಳಿದರು? ಕಲ್ಲು ಒಡೆಯುವಾಗ ಉಳಿಯ ಚೂರು ಹೊಕ್ಕವರು, ಲೇತ್ ಮೆಷಿನ್ನಿನ ಕಬ್ಬಿಣ ಸಿಡಿದವರು, ಕೆರೆಯಲ್ಲಿ ಗಾಳ ಎಳೆಯುವಾಗ ಅದೇ ಗಾಳ ಕಣ್ಣಿಗೆ ನೆಟ್ಟವರು. ಇವರದು ಹಬ್ಬದ ಗಾಯವಲ್ಲ, ಹೊಟ್ಟೆಪಾಡಿನ ಗಾಯ. ಆದ್ದರಿಂದ ಸುದ್ದಿಯೂ ಅಲ್ಲ.

ಗಾಳದ ಮಾತನ್ನೇ ತೆಗೆದುಕೊಳ್ಳೋಣ. ಗಾಳ ಕೆರೆಯ ತಳದ ಬೇರಿಗೋ ಕಲ್ಲಿಗೋ ಸಿಕ್ಕಿಕೊಳ್ಳುತ್ತೆ. ಎಳೆದಷ್ಟೂ ನೈಲಾನ್ ದಾರ ಹಿಗ್ಗುತ್ತೆ. ತಟ್ಟನೆ ಬಿಟ್ಟುಕೊಂಡಾಗ ಗಾಳವೋ ಸೀಸದ ಗುಂಡೋ ಎಳೆದವನ ಮುಖಕ್ಕೆ, ಇಲ್ಲಾ ಪಕ್ಕದಲ್ಲಿ ನಿಂತ ಮಗುವಿನ ಮುಖಕ್ಕೆ ಬಂದು ಬಡಿಯುತ್ತೆ. ಗಾಳದ ತುದಿಯಲ್ಲಿ ಹಿಂದಕ್ಕೆ ತಿರುಗಿದ ಮುಳ್ಳು ಇರುವುದು ಮೀನು ಬಿಡಿಸಿಕೊಂಡು ಹೋಗಬಾರದು ಅಂತ. ಕಣ್ಣಿಗೂ ಅದೇ ನ್ಯಾಯ. ಬಂದ ದಾರಿಯಲ್ಲೇ ಎಳೆದರೆ ಒಳಗಿರುವುದನ್ನೆಲ್ಲ ಹರಿದುಕೊಂಡು ಬರುತ್ತೆ.

ಕಣ್ಣಿನ ಡಾಕ್ಟರು ಹಾಗೆ ಎಳೆಯೋದಿಲ್ಲ. ಸಾಮಾನ್ಯವಾಗಿ ಪೂರ್ತಿ ಮತ್ತು ಕೊಟ್ಟು, ಮೈಕ್ರೋಸ್ಕೋಪಿನ ಕೆಳಗೆ ಗಾಯವನ್ನು ಮುಳ್ಳು ಹಾಯುವಷ್ಟು ಅಗಲ ಮಾಡಿ ತೆಗೆಯುತ್ತಾರೆ. ಇಲ್ಲವೇ ತುದಿಯನ್ನು ಮುಂದಕ್ಕೆ ದಾಟಿಸಿ, ಹೊರಬಂದ ಮುಳ್ಳನ್ನು ಕತ್ತರಿಸಿ, ಉಳಿದ ಕಂಬಿಯನ್ನು ಹಿಂದಕ್ಕೆ ತೆಗೆಯುತ್ತಾರೆ. ಆಮೇಲೆ ತಲೆಗೂದಲಿಗಿಂತ ತೆಳುವಾದ ನೈಲಾನ್ ದಾರದಲ್ಲಿ ಹೊಲಿಗೆ. ಮೀನಿಗೂ ನೈಲಾನು, ಕಣ್ಣಿಗೂ ನೈಲಾನು! ಮಸೂರಕ್ಕೆ ಏಟು ಬಿದ್ದಿದ್ದರೆ ಇನ್ನೊಂದು ಆಪರೇಷನ್. ಅಕ್ಷಿಪಟಲ ಹರಿದಿದ್ದರೆ ಮತ್ತೊಂದು. ಅದಕ್ಕೆ ಬೇರೆ ಯಂತ್ರ, ಬೇರೆ ಡಾಕ್ಟರು. ಕೆರೆಯ ಕೊಳಕಿನ ಕ್ರಿಮಿ ಒಳಗೆ ಸೇರಿದ್ದರೆ ಕಣ್ಣು ಕೀವಾಗಿ ಹೋಗಬಹುದು. ಅದಕ್ಕೇ 24 ಗಂಟೆಯೊಳಗೆ ಗಾಯ ಮುಚ್ಚಬೇಕು ಅನ್ನೋದು. ಅಪರೂಪಕ್ಕೆ, ಗಾಯಗೊಂಡ ಕಣ್ಣಿನ ದೆಸೆಯಿಂದ ಒಳ್ಳೆಯ ಕಣ್ಣೂ ಉರಿಯೂತ ಬಂದು ಕೆಡುವುದುಂಟು.

ಅಂದರೆ ವಿದ್ಯೆ ಇದೆ. ಮಿಂಟೋ ಶುರುವಾದದ್ದು 1896ರಲ್ಲಿ. 1913ರಿಂದ ಈಗಿನ ಕಟ್ಟಡದಲ್ಲಿದೆ. ಹಾಗಾದರೆ ಬಡವನ 24 ಗಂಟೆ ಎಲ್ಲಿ ಕಳೆದುಹೋಗುತ್ತೆ? ಊರಲ್ಲಿ ಎದೆಹಾಲು ಬಿಡು, ಸೊಪ್ಪಿನ ರಸ ಹಿಂಡು ಅನ್ನುವುದರಲ್ಲಿ ಒಂದಷ್ಟು. 'ಕಣ್ಣಿನ ಡಾಕ್ಟ್ರು ಇಲ್ಲ, ನಾಳೆ ಬಾ' ಅನ್ನುವುದರಲ್ಲಿ ಒಂದಷ್ಟು. ಸಾಲ ಹುಟ್ಟಿಸುವುದರಲ್ಲಿ ಒಂದು ರಾತ್ರಿ. ಬೆಳಗಿನ ಬಸ್ಸು ಹಿಡಿದು ಮೆಜೆಸ್ಟಿಕ್ಕಿಗೆ ಬಂದು ಇಳಿಯುವಾಗ ಹೊತ್ತು ಮೀರಿರುತ್ತೆ. ಆ ಮೆಜೆಸ್ಟಿಕ್ ನಿಲ್ದಾಣವೂ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯೇ. ಕೆರೆಯನ್ನು ನುಂಗಿದ ಈ ನಗರಕ್ಕೆ ಕೆರೆಯವನ ಕಣ್ಣು ಯಾವ ಲೆಕ್ಕ?

'ಅವನ ಹಣೆಬರಹ ಕಣಯ್ಯ' ಅನ್ನುವ ಪಂಡಿತರು ನಮ್ಮಲ್ಲಿ ಕಡಿಮೆಯಿಲ್ಲ. ಬೇಡರ ಕಣ್ಣಪ್ಪ ಬಾಣದಿಂದ ಕಣ್ಣು ಕಿತ್ತು ಶಿವನಿಗೆ ಕೊಟ್ಟ ಕಥೆ ಹೇಳಿ ಕಣ್ಣೀರು ಹಾಕುವವರು ಇವರೇ. 1954ರಲ್ಲಿ ಅದು ಸಿನಿಮಾವೂ ಆಯಿತು. ಬೇಡನ ಕಣ್ಣು ದೇವರಿಗೆ ಬೇಕು, ಬೇಡನ ಮೊಮ್ಮಗನ ಕಣ್ಣು ಮಾತ್ರ ಯಾರಿಗೂ ಬೇಡ!

ಕೆರೆ ತೋಡಿದವರು ನಾವು. ನೀರಗಂಟಿಗಳಾಗಿ ತೂಬು ಕಾದವರು ನಾವು. ಅದೇ ನೀರನ್ನು ಮುಟ್ಟಬೇಡ ಅಂದರು. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದು ತೋರಿಸಬೇಕಾಯಿತು. ಈಗ ಕೆರೆಯ ಮೀನು ಗುತ್ತಿಗೆಗೆ ಹೋಗುತ್ತೆ. ಗುತ್ತಿಗೆ ಹಿಡಿಯುವವನೊಬ್ಬ, ನೀರಿಗೆ ಇಳಿಯುವವನೊಬ್ಬ. ಇಳಿದವನ ಹೆಸರು ಯಾವ ರಿಜಿಸ್ಟರಿನಲ್ಲಿದೆ? ರಾತ್ರಿ ಸಾರಿಗಾಗಿ ಗಾಳ ಹಾಕಿ ಕೂತವನಿಗಂತೂ ಯಜಮಾನನೇ ಇಲ್ಲ.

ಕಾನೂನಿನ ಚಂದ ನೋಡಿ. 1923ರಲ್ಲಿ ಬಂದ ಕಾರ್ಮಿಕ ಪರಿಹಾರ ಕಾಯ್ದೆ ತಿದ್ದುಪಡಿಯಾಗುತ್ತಾ ಬಂದು ಹೀಗೆ ಲೆಕ್ಕ ಕಟ್ಟಿತು: ಒಂದು ಕಣ್ಣೇ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 40 ನಷ್ಟ, ಗುಡ್ಡೆ ಕೆಡದೆ ದೃಷ್ಟಿ ಮಾತ್ರ ಹೋದರೆ 30. ಅದೂ ಮಾಲೀಕ ಇದ್ದವನಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನೌಕರಿಯ ಮೀಸಲಾತಿಗೆ ಕನಿಷ್ಠ 40 ಇರಬೇಕು. ಒಂದು ಕಣ್ಣು ಪೂರ್ತಿ ಕುರುಡಾಗಿ ಇನ್ನೊಂದು ಚೆನ್ನಾಗಿದ್ದರೆ ಸರ್ಕಾರದ ಅಳತೆಯಲ್ಲಿ ಅದು 30. ಮುಗಿಯಿತು! ಕಲ್ಲಿನ ಕೆಲಸಕ್ಕೆ ಹೋದರೆ 'ಒಕ್ಕಣ್ಣ, ಬೇಡ' ಅಂತಾನೆ ಮೇಸ್ತ್ರಿ. ಸರ್ಕಾರದ ಕಚೇರಿಗೆ ಹೋದರೆ 'ಕಣ್ಣಿದೆಯಲ್ಲ, ಹೋಗು' ಅಂತಾರೆ. ಕೆಲಸಕ್ಕೆ ಕುರುಡ, ಹಕ್ಕಿಗೆ ಕಣ್ಣುಳ್ಳವನು.

ಗೆಳೆಯರೇ, ಇದು ಕರುಣೆಯ ಪ್ರಶ್ನೆಯಲ್ಲ. ದಾನವಾಗಿ ಬಂದ ಕಣ್ಣಿನಿಂದ ಕಸಿ ಮಾಡುವುದು ಮುಂಭಾಗದ ಕಾರ್ನಿಯಾವನ್ನು ಮಾತ್ರ. ಹರಿದ ಅಕ್ಷಿಪಟಲಕ್ಕೆ ಯಾರ ದಾನವೂ ಬದಲಾಗದು. ಇರುವ ಕಣ್ಣನ್ನೇ ಉಳಿಸಬೇಕು. ಅದಕ್ಕೆ ನಮ್ಮ ಕೇರಿಗಳಲ್ಲಿ ನಾವೇ ಹೇಳಿಕೊಡಬೇಕು: ದಾರ ಕತ್ತರಿಸಿ, ಗಾಳಕ್ಕೆ ಕೈ ಹಾಕಬೇಡಿ. ಉಜ್ಜಬೇಡಿ, ತೊಳೆಯಬೇಡಿ, ಏನನ್ನೂ ಬಿಡಬೇಡಿ. ಒತ್ತದಂತೆ ಒಂದು ಲೋಟ ಮುಚ್ಚಿ, ಏನೂ ತಿನ್ನಿಸದೆ ಕುಡಿಸದೆ ಹೊರಡಿಸಿ.

ಉಳಿದದ್ದನ್ನು ಸರ್ಕಾರದಿಂದ ವಸೂಲು ಮಾಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲು ರಾತ್ರಿ ಧನುರ್ವಾಯು ಇಂಜೆಕ್ಷನ್ನು, ಕಣ್ಣಿನ ಕವಚ, ಅಲ್ಲಿಂದ ಆಪರೇಷನ್ ಆಗುವ ಕಡೆಗೆ ತಡವಿಲ್ಲದೆ ಗಾಡಿ. ಪ್ರತಿ ಜಿಲ್ಲೆಯಲ್ಲೂ ಕಣ್ಣು ಹೊಲಿಯುವ ವ್ಯವಸ್ಥೆ. ಗುತ್ತಿಗೆಯ ಕರಾರಿನಲ್ಲೇ ನೀರಿಗಿಳಿಯುವವನ ಹೆಸರು, ಅವನಿಗೆ ದಪ್ಪ ಪ್ಲಾಸ್ಟಿಕ್ಕಿನ ಕನ್ನಡಕ, ವಿಮೆ. ಕಣ್ಣು ಕಳೆದುಕೊಂಡ ದುಡಿಮೆಗಾರನನ್ನು ಹೊರಗಿಡುವ ಆ 30ರ ಗೆರೆ ಅಳಿಯಬೇಕು.

ಪಟಾಕಿಯ ಕಣ್ಣು ಎಣಿಸುವವರು ಇದನ್ನೂ ಎಣಿಸಲಿ. ಎಣಿಸದಿದ್ದರೆ ನಾವು ಎಣಿಸಿ, ಆ ಪಟ್ಟಿ ಹಿಡಿದುಕೊಂಡು ವಿಧಾನಸೌಧದ ಬಾಗಿಲಿಗೆ ಹೋಗೋಣ.